ಊರಿಗೆ ಹೋಗಬಹುದಲ್ಲ

ದಮಾಸ್ಕಸ್ಸಿನಿಂದ ಸರ್ವಾಧಿಕಾರಿ ಓಡಿಹೋದ ಸುದ್ದಿ ಬಂದ ಮರುದಿನ, ಇಲ್ಲಿ ಅಮೆರಿಕದಲ್ಲಿ ನಮ್ಮ ಅವ್ವ ಹೋಗುವ ಹಿರಿಯರ ಡೇಕೇರಿನಲ್ಲಿ ಕೇಕು ಕತ್ತರಿಸಿದರು. ಅಲ್ಲಿ ಕೆಲಸ ಮಾಡುವವರಲ್ಲಿ ಸಿರಿಯಾದವಳು ಒಬ್ಬಳೇ ಇದ್ದಳು. ಬೆಳಿಗ್ಗೆ ವ್ಯಾನು ತಂದು ಅವ್ವನನ್ನು ಮನೆ ಬಾಗಿಲಿನಿಂದ ಕೈಹಿಡಿದು ಕರೆದೊಯ್ಯುವವಳು, ಮಧ್ಯಾಹ್ನ ಪಕ್ಕದಲ್ಲಿ ಕೂತು ಊಟ ಮಾಡಿಸುವವಳು, ಸಂಜೆ ತಂದು ಬಿಡುವವಳು ಎಲ್ಲ ಅವಳೇ. ಅಂದು ನಾನು ಪ್ಲೆಸೆಂಟನ್ನಿನ ಆಫೀಸಿನಿಂದ ಬೇಗ ಹೊರಟು ಅವ್ವನನ್ನು ಕರೆತರಲು ಹೋಗಿದ್ದೆ. ಒಳಗೆ ಕಾಲಿಟ್ಟಾಗ ಅವಳು ಕಾಗದದ ತಟ್ಟೆಯಲ್ಲಿ ಕೇಕಿನ ತುಂಡು ಹಿಡಿದುಕೊಂಡು ಅಳುತ್ತಿದ್ದಳು, ನಡುನಡುವೆ ನಗುತ್ತಲೂ ಇದ್ದಳು. ಚೀನೀ ಅಜ್ಜಂದಿರು, ಪಂಜಾಬಿ ಅಜ್ಜಿಯರು, ಫಿಲಿಪೀನ್ಸಿನ ನರ್ಸು, ಎಲ್ಲರೂ ಬಂದು ಕೈ ಕುಲುಕುತ್ತಿದ್ದರು. ಎಲ್ಲರ ಬಾಯಲ್ಲೂ ಅದೇ ಮಾತು: ಇನ್ನೇನು, ಊರಿಗೆ ಹೋಗಬಹುದಲ್ಲ.

ನಾನೂ ಅದನ್ನೇ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು, "ಹೌದು ಸಿಸ್ಟರ್, ಒಂದು ದಿನ" ಎಂದಳು.

ಅವಳೂ ಅವಳ ಗಂಡನೂ ಈ ದೇಶಕ್ಕೆ ಬಂದದ್ದು ಇಲ್ಲಿದ್ದ ಅವಳ ಅಕ್ಕನ ಬಾಣಂತನಕ್ಕೆ. ವಾಪಸು ಹೋಗುವ ಟಿಕೆಟ್ಟು ಕೈಯಲ್ಲೇ ಇತ್ತು. ಅಕ್ಕನ ಕೂಸು ಮಗುಚಿಕೊಳ್ಳಲು ಕಲಿಯುವಷ್ಟರಲ್ಲಿ ಹೋಮ್ಸ್ ಪಟ್ಟಣದ ಅವರ ಓಣಿಯ ಮೇಲೆ ಶೆಲ್ಲುಗಳು ಬೀಳತೊಡಗಿದವು. ಹೋಗುವ ದಾರಿಗಳು ಒಂದೊಂದಾಗಿ ಮುಚ್ಚಿದವು. ಇಲ್ಲಿನ ಸರಕಾರ ಆಗ ಈ ನೆಲದ ಮೇಲಿದ್ದ ಸಿರಿಯಾದವರಿಗೆ ತಾತ್ಕಾಲಿಕ ರಕ್ಷಣೆ ಎಂಬ ಒಂದು ಸ್ಥಾನ ಕೊಟ್ಟಿತು. ಯುದ್ಧ ನಿಲ್ಲುವವರೆಗೆ ಇರಬಹುದು, ದುಡಿಯಬಹುದು, ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಅದು ಗ್ರೀನ್ ಕಾರ್ಡಲ್ಲ, ಮುಂದೆ ಪೌರತ್ವಕ್ಕೆ ಒಯ್ಯುವ ದಾರಿಯೂ ಅಲ್ಲ. ಮಳೆ ನಿಲ್ಲುವ ತನಕ ಕಟ್ಟೆಯ ಮೇಲೆ ನಿಂತುಕೋ ಎಂದಂತೆ. ಹದಿನೆಂಟು ತಿಂಗಳಿಗೊಮ್ಮೆ ಅದನ್ನು ಮುಂದುವರಿಸುತ್ತಿದ್ದರು. ಅಕ್ಕ ಆಮೇಲೆ ಬೇರೆ ರಾಜ್ಯಕ್ಕೆ ಹೋದಳು. ಇವರು ಇಲ್ಲೇ ಉಳಿದರು. ಹೋಮ್ಸಿನಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದವಳು ಇಲ್ಲಿ ವ್ಯಾನು ಓಡಿಸಿದಳು. ಗಂಡ ಒಂದು ಬೇಕರಿ ಸೇರಿದ.

ನಮ್ಮ ಅವ್ವನಿಗೂ ಅವಳಿಗೂ ಹೇಗೆ ಬೆಸೆಯಿತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಲಕ್ವ ಹೊಡೆದು ಅವ್ವನ ಎಡಗೈ ಸೋತ ಮೇಲೆ ನಾನು ಅವಳನ್ನು ಹುಬ್ಬಳ್ಳಿಯಿಂದ ಯೂನಿಯನ್ ಸಿಟಿಯ ನಮ್ಮ ಮನೆಗೆ ಕರೆತಂದಿದ್ದೆ. ಅವ್ವನಿಗೆ ಯಸ್, ನೋ, ಥ್ಯಾಂಕ್ಯೂ ಬಿಟ್ಟರೆ ಇಂಗ್ಲಿಷಿಲ್ಲ. ಅವಳಿಗೆ ಕನ್ನಡವಿಲ್ಲ. ಆದರೂ ವ್ಯಾನಿನಲ್ಲಿ ದಾರಿಯುದ್ದಕ್ಕೂ ಮಾತು. ಅವ್ವ ಹುಬ್ಬಳ್ಳಿ ಮಾತಿನಲ್ಲಿ ಸೊಸೆಯಂದಿರ ಮೇಲೆ ದೂರು ಹೇಳುವುದು, ಅವಳು ಅರಬ್ಬಿಯಲ್ಲಿ ಜವಾಬು ಕೊಡುವುದು. ಕೆಲವು ಶಬ್ದಗಳು ಇಬ್ಬರಲ್ಲೂ ಒಂದೇ ಇವೆಯೆಂದು ಅವರೇ ಕಂಡುಕೊಂಡಿದ್ದರು. ಸಾಬೂನು, ದುನಿಯಾ, ಹಿಸಾಬು, ಖಾಲಿ, ತಾರೀಖು. ಒಂದು ಶಬ್ದ ಸಿಕ್ಕ ದಿನ ಅವ್ವ ಮನೆಗೆ ಬಂದು, "ಇವತ್ತ ಇನ್ನೊಂದು ಸಿಕ್ತು ನೋಡವಾ" ಎಂದು ಹೇಳುತ್ತಿದ್ದಳು. ಎಡಗೈ ಬೆರಳು ಮಡಚಿ ಬಿಚ್ಚುವ ಕಸರತ್ತನ್ನು ಫಿಸಿಯೋ ಹೇಳಿದರೆ ಮಾಡದ ಅವ್ವ, ಅವಳು ಹೇಳಿದರೆ ಮಾಡುತ್ತಿದ್ದಳು.

ಮುಂದಿನ ವರ್ಷ ಶರತ್ಕಾಲದ ಹೊತ್ತಿಗೆ ಸರಕಾರ ಪ್ರಕಟಣೆ ಹೊರಡಿಸಿತು. ಸಿರಿಯಾದ ಪರಿಸ್ಥಿತಿ ಬದಲಾಗಿದೆ, ಹಳೆಯ ಆಡಳಿತ ಹೋಗಿದೆ, ಆದ್ದರಿಂದ ರಕ್ಷಣೆ ಮುಗಿಯುತ್ತದೆ, ಅರವತ್ತು ದಿನಗಳಲ್ಲಿ ಹೊರಡಬೇಕು. ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಅದನ್ನು ಓದಿದೆ. ಯಾವ ಸಂತೋಷಕ್ಕೆ ನಾವು ಕೇಕು ಹಂಚಿದೆವೋ ಅದೇ ಸಂತೋಷವನ್ನು ಕಾರಣವಾಗಿ ಬರೆದಿದ್ದರು. ನಾವೆಲ್ಲ ಪ್ರೀತಿಯಿಂದ ಹೇಳಿದ್ದನ್ನೇ ಅವರು ಆಜ್ಞೆಯ ಭಾಷೆಯಲ್ಲಿ ಹೇಳಿದ್ದರು.

ಆ ಶನಿವಾರ ಅವಳನ್ನು ಮನೆಗೆ ಕರೆದೆ. ಚಹಾ ಕುಡಿಯುತ್ತ ಅವಳು ಮೈದುನ ಕಳಿಸಿದ ಒಂದು ವಿಡಿಯೋ ತೋರಿಸಿದಳು. ಬೂದು ಬಣ್ಣದ ಕಲ್ಲುಮಣ್ಣಿನ ಗುಡ್ಡೆಗಳ ನಡುವೆ ಒಂದು ಮೆಟ್ಟಿಲು ಮಾತ್ರ ಎರಡು ಅಂತಸ್ತು ಮೇಲಕ್ಕೆ ಹೋಗಿ ಗಾಳಿಯಲ್ಲಿ ನಿಂತಿತ್ತು. ಅದರ ಕಂಬಿಯ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು.

"ಇದು ನಮ್ಮ ಮನೆ" ಎಂದಳು. "ಮೇಲಿನ ಮಹಡಿ ನಮ್ಮದು. ಕೆಳಗೆ ಅತ್ತೆ ಇದ್ದರು."

"ಬಟ್ಟೆ ಯಾರದು?"

"ಗೊತ್ತಿಲ್ಲ. ಅಲ್ಲಿ ಯಾರೋ ಇದ್ದಾರೆ. ಅವರಿಗೂ ಹೋಗಲಿಕ್ಕೆ ಜಾಗ ಇಲ್ಲ."

ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಮನಿ ಇಲ್ಲದಾಕಿಗೆ ಮನಿಗೆ ಹೋಗಂದ್ರ ಎಲ್ಲಿಗೆ ಹೋಗಬೇಕವಾ?" ಎಂದು ನನ್ನನ್ನು ಕೇಳಿದಳು, ಆ ಪ್ರಕಟಣೆಯನ್ನು ನಾನೇ ಬರೆದಂತೆ. ಆಮೇಲೆ ಅವಳ ಕಡೆ ತಿರುಗಿ, "ತಾರೀಖು?" ಎಂದಳು. ಅವಳು ಹತ್ತೂ ಬೆರಳುಗಳನ್ನು ಆರು ಸಲ ಅಗಲಿಸಿ ತೋರಿಸಿದಳು.

ಗಡುವು ಹತ್ತಿರ ಬಂದಾಗ, ಯಾರೋ ಹಾಕಿದ ದಾವೆಯಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟಿತು. ನಾನು ಆಫೀಸಿನಲ್ಲಿ ಕುರ್ಚಿ ಬಿಟ್ಟೆದ್ದು ಕಾರಿಡಾರಿಗೆ ಹೋಗಿ ಅವಳಿಗೆ ಫೋನು ಮಾಡಿದೆ. ತಡೆ ಇರುವವರೆಗೆ ಹಳೆಯ ಕೆಲಸದ ಕಾರ್ಡೇ ನಡೆಯುತ್ತದೆ ಎಂದು ಸರಕಾರಿ ವೆಬ್‌ಸೈಟಿನಲ್ಲೂ ಬರೆದಿದ್ದರು. ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಅದರ ಮುಂದಿನ ಸೋಮವಾರ ವ್ಯಾನಿನಿಂದ ಬೇರೆ ಯಾರೋ ಇಳಿದರು.

"ಯಾಕ ಬಂದಿಲ್ಲಾಕಿ?" ಎಂದು ಅವ್ವ ಹೊಸ್ತಿಲಲ್ಲೇ ನಿಂತಳು. ಹೊಸ ಡ್ರೈವರ್ ಒಳ್ಳೆಯ ಮನುಷ್ಯ, ನಯವಾಗಿ ಕೈ ಚಾಚಿದ. ಅವ್ವ ಕೈ ಕೊಡಲಿಲ್ಲ. "ಆಕಿ ಬರೂತನಾ ನಾ ಎಲ್ಲೂ ಹೋಗಂಗಿಲ್ಲ" ಎಂದು ಒಳಗೆ ಹೋಗಿ ಸೋಫಾದ ಮೇಲೆ ಕೂತುಬಿಟ್ಟಳು. ಆ ದಿನ ನಾನು ಮೀಟಿಂಗುಗಳನ್ನೆಲ್ಲ ಮನೆಯಿಂದಲೇ ಮಾಡಿದೆ.

ಡೇಕೇರಿನ ಸಿಬ್ಬಂದಿ ವಿಭಾಗದ ಹೆಂಗಸನ್ನು ಮರುದಿನ ಹೋಗಿ ಕಂಡೆ. ಆಕೆ ಕೆಟ್ಟವಳಲ್ಲ. ಮೇಜಿನ ಮೇಲೆ ಪೆಪ್ಪರಮೆಂಟಿನ ಬಟ್ಟಲಿಟ್ಟುಕೊಂಡು ಬಂದವರಿಗೆಲ್ಲ ಕೊಡುವವಳು.

"ಕಾರ್ಡಿನ ಮೇಲಿರುವ ಅವಧಿ ಮುಗಿದಿದೆ" ಎಂದಳು.

"ನ್ಯಾಯಾಲಯದ ಆದೇಶದಿಂದ ಅದು ಮುಂದುವರಿದಿದೆ. ನೋಡಿ, ಸರಕಾರದ್ದೇ ಪುಟ ಇದು."

"ಓದಿದ್ದೇನೆ. ಆದರೆ ಎಲ್ಲಿಯವರೆಗೆ ಅಂತ ಅದರಲ್ಲಿ ಇಲ್ಲ. ನಮ್ಮ ಸಿಸ್ಟಮ್ಮು ಕೊನೆಯ ದಿನ ಕೇಳುತ್ತೆ. ಅದು ಹಾಕದೆ ಮುಂದಿನ ಪುಟಕ್ಕೆ ಹೋಗೋದಿಲ್ಲ."

ಸಂಬಳ ಹಂಚುವ ಸಾಫ್ಟ್‌ವೇರನ್ನು ಪರೀಕ್ಷಿಸುವುದೇ ನನ್ನ ಕೆಲಸ. ಪರದೆಯ ಮೇಲಿನ ಒಂದು ಖಾನೆಯನ್ನು ಕಡ್ಡಾಯವೆಂದು ಗುರುತು ಮಾಡುವುದೂ ಆ ಗುರುತನ್ನು ತೆಗೆಯುವುದೂ ಎಷ್ಟು ಸಣ್ಣ ವಿಷಯ ಎಂದು ನನಗೆ ಗೊತ್ತು. ಅದನ್ನೇ ಆಕೆಗೆ ಹೇಳಿದೆ. ಆ ಸಿಸ್ಟಮ್ಮು ಮಾಡಿದ ಕಂಪನಿಗೆ ಒಂದು ಇ-ಮೇಲು ಹಾಕಿದರೆ ಅವರೇ ಸರಿಮಾಡಿಕೊಡುತ್ತಾರೆ ಎಂದೆ. ಆಕೆ, "ಹಾಕಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ. ಕೆಲಸದಿಂದ ತೆಗೆದಿಲ್ಲ ನೋಡಿ, ಸಂಬಳವಿಲ್ಲದ ರಜೆಯಲ್ಲಿ ಇಟ್ಟಿದ್ದೇವೆ" ಎಂದು ಒಂದು ಪೆಪ್ಪರಮೆಂಟು ಕೊಟ್ಟಳು. ಕೈಗೆ ಬಂದದ್ದನ್ನು ಹಿಡಿದುಕೊಂಡೇ ಹೊರಗೆ ಬಂದೆ. ಕಾರಿನಲ್ಲಿ ಕೂತ ಮೇಲೆ ಅದನ್ನು ಕಿಟಕಿಯಿಂದ ಎಸೆದೆ. ಅಷ್ಟು ಸಿಟ್ಟಿಗೆ ಅಷ್ಟು ಸಣ್ಣ ವಸ್ತು.

ಸಹಿ ಸಂಗ್ರಹಿಸಿ ನಮ್ಮ ಭಾಗದ ಜನಪ್ರತಿನಿಧಿಗೆ ಕೊಡೋಣ ಎಂದು ಯಾರೋ ಸಲಹೆ ಮಾಡಿದರು. ಒಂದು ಮನವಿ ಬರೆದೆ. ಆ ಭಾನುವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ನಮ್ಮ ಕನ್ನಡದ ಗುಂಪು ಸೇರಿತ್ತು. ಬಿಸಿಬೇಳೆಭಾತು ಖಾಲಿಯಾಗಿ ಎಲ್ಲರೂ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಮೇಲೆ ವಿಷಯ ತೆಗೆದೆ. ಮೆಟ್ಟಿಲಿನ ವಿಡಿಯೋದ ಬಗ್ಗೆ ಹೇಳಿದೆ, ಕಾರ್ಡಿನ ಬಗ್ಗೆ ಹೇಳಿದೆ, ಅವ್ವನ ಬಗ್ಗೆ ಹೇಳಿದೆ.

ಮೊದಲು ಮಾತಾಡಿದವನು ಮಂಡ್ಯದ ಕಡೆಯ ಹುಡುಗ. ಹುಡುಗನೆಂದರೆ ನನಗೆ, ಅವನಿಗೂ ತಲೆ ನರೆತಿದೆ. "ಅಕ್ಕ, ತಪ್ಪು ತಿಳ್ಕೋಬೇಡಿ. ನಾನು ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತು ಎಷ್ಟು ವರ್ಷ ಆಯ್ತು ನಿಮಗೇ ಗೊತ್ತು. ಈ ಟೈಮಲ್ಲಿ ನನ್ ಹೆಸ್ರು ಯಾವ ಪೇಪರ್ ಮೇಲೂ ಬರಬಾರ್ದು. ಏನ್ ನೋಡಿ ಏನ್ ಅಂತಾರೋ."

ಅವನ ಹೆದರಿಕೆ ಸುಳ್ಳಲ್ಲ. ನಾನು ತಲೆಯಾಡಿಸಿದೆ.

"ಅಲ್ಲಿ ಯುದ್ಧ ಮುಗೀತಲ್ಲ ಮೇಡಂ? ಟಿವೀಲಿ ನೋಡಿದ್ವಿ" ಎಂದರು ಇನ್ನೊಬ್ಬರು. "ತಾತ್ಕಾಲಿಕ ಅಂತ್ಲೇ ಕೊಟ್ಟಿದ್ದು. ಮುಗೀತು ಅಂದ್ರೆ ಮುಗೀತು. ನಾವು ರೂಲ್ಸ್ ಪ್ರಕಾರ ಕಾಯ್ತಾ ಇಲ್ವಾ?"

"ಅವರೂ ರೂಲ್ಸ್ ಪ್ರಕಾರಾನೇ ಇದಾರೆ. ಪ್ರತಿ ಸಲ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು..."

"ಇರಬಹುದು. ಆದ್ರೆ ನಮ್ಮವರದೇ ಸಾವಿರ ತೊಂದ್ರೆ ಇದೆ. ಅದಕ್ಕೆ ಯಾರ್ ಸಹಿ ಹಾಕ್ತಾರೆ ಹೇಳಿ?"

ಅವರಿಗೂ ಸಹಿ ಹಾಕುತ್ತೇನೆ ಎಂದೆ, ನಿಜವಾಗಿಯೂ ಹಾಕಿದ್ದೇನೆ ಕೂಡ. ಆದರೆ ಮಾತು ಅಷ್ಟರಲ್ಲಿ ಮಕ್ಕಳ ಕಾಲೇಜಿನ ಕಡೆ ಹೊರಳಿತು. ಮನೆಯೊಡತಿ ಸಹಿ ಹಾಕಿದಳು. ಹಾಸನದ ದಂಪತಿಯಲ್ಲಿ ಹೆಂಡತಿ ಹಾಕಿದಳು, ಗಂಡ ಕಾರಿನ ಕೀಲಿ ಹುಡುಕುತ್ತ ಹೊರಗೆ ಹೋದ. ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಮಗಳು ಫ್ರೀವೇ ಹತ್ತಿದ ಮೇಲೆ, "ದೇ ಆರ್ ಜಸ್ಟ್ ಸ್ಕೇರ್ಡ್, ಅಮ್ಮಾ" ಎಂದಳು. "ನನಗೆ ಗೊತ್ತು" ಎಂದೆ. ಗೊತ್ತಿದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಕೆಟ್ಟವರೆಂದು ಬೈದು ಹಗುರಾಗುವ ದಾರಿಯೂ ಇರಲಿಲ್ಲ.

ಆಮೇಲೆ ಜನಪ್ರತಿನಿಧಿಯ ಸಾರ್ವಜನಿಕ ಸಭೆ ನಮ್ಮೂರಿನಲ್ಲೇ ನಡೆಯಿತು. ಮಾತಾಡಬೇಕೆನ್ನುವವರು ಬಾಗಿಲಲ್ಲಿ ನಂಬರಿನ ಚೀಟಿ ತೆಗೆದುಕೊಳ್ಳಬೇಕು, ತಲಾ ಎರಡು ನಿಮಿಷ. ನಾನು ಮಾತಾಡುವುದೆಂದು ಮೊದಲು ಯೋಚಿಸಿದ್ದೆವು. ಆದರೆ ಅವಳು, "ನನ್ನ ವಿಷಯ, ನಾನೇ ಹೇಳುತ್ತೇನೆ" ಎಂದಳು. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ತಾನೂ ಒಂದು ಚೀಟಿ ಇಸಿದುಕೊಂಡಳು. "ನೀ ಇಂಗ್ಲಿಷ್ ಮಾಡಿ ಹೇಳು. ನಾ ಹೇಳೂದು ಭಾಳ ಇಲ್ಲ" ಎಂದಳು.

ರಸ್ತೆಯ ಗುಂಡಿ, ವಿಮಾನಗಳ ಸದ್ದು, ಶಾಲೆಯ ಲೈಬ್ರರಿ. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಅವಳ ನಂಬರು ಬಂತು. ತಲೆಗೆ ಕಟ್ಟಿದ ಬಟ್ಟೆಯನ್ನು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ನಿಧಾನವಾದ, ಪಾಠ ಹೇಳುವವರ ಇಂಗ್ಲಿಷ್.

"ನನ್ನ ಕಥೆಯನ್ನು ಬಹಳ ಕಡೆ ಹೇಳಿದ್ದೇನೆ. ಇವತ್ತು ಕಥೆ ತಂದಿಲ್ಲ. ಒಂದು ಪ್ರಶ್ನೆ ತಂದಿದ್ದೇನೆ. ನಾನು ಇಲ್ಲಿ ಯಾವ ದಿನದವರೆಗೆ ಇರಬಹುದು? ಒಂದು ವರ್ಷವಾದರೆ ಒಂದು ವರ್ಷ. ಆರು ತಿಂಗಳಾದರೆ ಆರು ತಿಂಗಳು. ಹೋಗಲೇಬೇಕೆಂದರೆ ಹೋಗುತ್ತೇನೆ, ನಮ್ಮ ಮನೆಯಲ್ಲಿ ಉಳಿದಿರುವ ಮೆಟ್ಟಿಲ ಕೆಳಗೆ ಟೆಂಟು ಹಾಕುತ್ತೇನೆ. ಆದರೆ ನನಗೆ ಗೊತ್ತಿರಬೇಕು. ಸರಕಾರ ಹೋಗು ಅನ್ನುತ್ತದೆ, ನ್ಯಾಯಾಲಯ ಇರು ಅನ್ನುತ್ತದೆ, ಕೆಲಸ ಕೊಟ್ಟವರು ದಿನ ಹೇಳು ಅನ್ನುತ್ತಾರೆ. ನಾನು ಯಾರನ್ನು ಕೇಳಲಿ? ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ."

ಸಭೆಯಲ್ಲಿ ಜೋರಾಗಿ ಚಪ್ಪಾಳೆ. ಕೆಲವರು ಎದ್ದು ನಿಂತರು. ವೇದಿಕೆಯ ಮೇಲಿದ್ದ ಜನಪ್ರತಿನಿಧಿ ಎದೆಯ ಮೇಲೆ ಕೈಯಿಟ್ಟುಕೊಂಡು, "ನಿಮ್ಮ ಕಥೆಯನ್ನು ಹಂಚಿಕೊಂಡದ್ದಕ್ಕೆ ಧನ್ಯವಾದ. ನಾವು ನಿಮ್ಮ ಜೊತೆ ಇದ್ದೇವೆ" ಎಂದರು. ಸಿಬ್ಬಂದಿಯ ಹುಡುಗಿಯೊಬ್ಬಳು ಬಂದು ಅವಳ ಫೋನ್ ನಂಬರು ಬರೆದುಕೊಂಡಳು. ಮುಂದಿನ ನಂಬರು ಕೂಗಿದರು.

ಅವ್ವನ ಸರದಿ ಬರುವ ಮೊದಲೇ ಸಭೆ ಮುಗಿಯಿತು. ಹಾಲಿನವರು ದೀಪ ಆರಿಸತೊಡಗಿದರೂ ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ. "ನಂದ ಇನ್ನೂ ಕರದಿಲ್ಲಲ್ಲ" ಎನ್ನುತ್ತಿದ್ದಳು. ಮುಗಿಯಿತು ಎಂದು ತಿಳಿಹೇಳಿದ ಮೇಲೆ, "ಹಂಗಾದ್ರ ಚೀಟಿ ಯಾಕ ಕೊಟ್ರು?" ಎಂದಳು. ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ. "ಈಗ ನಿನಗ ಹೇಳಿ ಏನ ಮಾಡ್ಲಿ" ಎಂದು ಮುಖ ತಿರುಗಿಸಿದಳು. ಇವತ್ತಿಗೂ ಹೇಳಿಲ್ಲ.

ಹೊರಗೆ ಪಾರ್ಕಿಂಗಿನಲ್ಲಿ ಒಬ್ಬ ವಯಸ್ಸಾದ ಅಮೆರಿಕನ್ ಹೆಂಗಸು ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಬಹಳ ಚೆನ್ನಾಗಿ ಮಾತಾಡಿದಿರಿ, ಈಗ ನಿಮ್ಮ ದೇಶ ಸ್ವತಂತ್ರವಾಯಿತಲ್ಲ, ಅಭಿನಂದನೆ ಎಂದಳು. ಅವಳು ಥ್ಯಾಂಕ್ಯೂ ಅಂದಳು. ಆ ಹೆಂಗಸು ಹೋದ ಮೇಲೆ ನನ್ನ ಕಾರಿಗೆ ಒರಗಿ ನಿಂತು ಕೇಳಿದಳು: "ಚಪ್ಪಾಳೆ ಯಾಕೆ ತಟ್ಟಿದರು, ಸಿಸ್ಟರ್? ನಾನು ಪ್ರಶ್ನೆ ಅಲ್ಲವಾ ಕೇಳಿದ್ದು?"

ಸ್ಥಳೀಯ ಪತ್ರಿಕೆಯವನೊಬ್ಬ ಆ ಸಭೆಯಲ್ಲಿದ್ದ. ಅವಳ ಫೋಟೋ ಹಾಕಿ ಬರೆಯುತ್ತೇನೆ ಎಂದು ನನಗೆ ಫೋನು ಮಾಡಿದ. ನನಗೆ ಉತ್ಸಾಹ ಬಂತು. ಇದರಿಂದಾದರೂ ಡೇಕೇರಿನವರು ಎಚ್ಚೆತ್ತಾರು ಎಂದು ಅವಳಿಗೆ ಹೇಳಿದೆ. ಅವಳು ಖಡಾಖಂಡಿತ ಬೇಡವೆಂದಳು.

"ಒಂದು ಫೋಟೋ ಅಷ್ಟೇ."

"ನನ್ನ ತಮ್ಮ ಅಲ್ಲೇ ಇದ್ದಾನೆ. ಅಲ್ಲಿ ಈಗ ಯಾರು ಏನು ಓದುತ್ತಾರೋ ಗೊತ್ತಿಲ್ಲ. ಇಲ್ಲಿಯೂ ಯಾರು ಓದುತ್ತಾರೋ ಗೊತ್ತಿಲ್ಲ. ನೀವು ಪೌರರು, ನಿಮಗೆ ಇದು ಪತ್ರಿಕೆ. ನನಗೆ ಅದು ವಿಳಾಸ."

"ಹೀಗೆ ಸುಮ್ಮನೆ ಕೂತರೆ ಯಾರೂ ಏನೂ ಮಾಡೋದಿಲ್ಲ" ಎಂದೆ. ಸ್ವರ ಸ್ವಲ್ಪ ಏರಿತ್ತು.

"ನಾನು ಸುಮ್ಮನೆ ಕೂತಿಲ್ಲ" ಎಂದು ಅವಳು ಫೋನಿಟ್ಟಳು. ಒಂದು ವಾರ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಆಮೇಲೆ ಅವಳೇ ಗಂಡನ ಬೇಕರಿಯ ಬ್ರೆಡ್ಡು ಹಿಡಿದುಕೊಂಡು ಅವ್ವನನ್ನು ನೋಡಲು ಬಂದಳು. ಅವ್ವನ ಎಡಗೈ ಬೆರಳುಗಳು ಬಿಗಿದುಕೊಂಡಿದ್ದವು. ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಬಿಡಿಸುತ್ತ ಬೈಯತೊಡಗಿದಳು, ಅರಬ್ಬಿಯಲ್ಲಿ. ಅವ್ವ ಕನ್ನಡದಲ್ಲಿ ತಿರುಗಿ ಬೈದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ಕೊನೆಗೆ ಕೆಲಸ ಮಾಡಿದ್ದು ಸಹಿಗಳಲ್ಲ, ಸಭೆಯೂ ಅಲ್ಲ. ಉಚಿತ ಕಾನೂನು ನೆರವು ಕೊಡುವ ಒಬ್ಬ ವಕೀಲೆ ಡೇಕೇರಿಗೆ ಪತ್ರ ಬರೆದಳು. ಕಾನೂನು ಒಪ್ಪಿದ ಕಾರ್ಡನ್ನು ನಿರಾಕರಿಸುವುದು ತಾರತಮ್ಯವಾಗುತ್ತದೆ, ಮುಂದೆ ದೂರು ಕೊಡಬೇಕಾಗುತ್ತದೆ ಎಂದು. ಸಿಸ್ಟಮ್ಮಿನ ಖಾನೆ ಆಗ ತಾನಾಗಿ ಸರಿಹೋಯಿತು. ಅವಳನ್ನು ವಾಪಸು ಕರೆದರು. ಆದರೆ ವ್ಯಾನು ಹೊಸಬನ ಪಾಲಾಗಿತ್ತು. ಅವಳಿಗೆ ಮಧ್ಯಾಹ್ನದ ಊಟದ ಹೊತ್ತಿನ ಕೆಲಸ ಮಾತ್ರ. ಅವ್ವ ಈಗ ಆ ಹೊಸಬನ ಕೈ ಹಿಡಿದೇ ವ್ಯಾನು ಹತ್ತುತ್ತಾಳೆ, ಮಧ್ಯಾಹ್ನದ ಆಸೆಗೆ. ಜನಪ್ರತಿನಿಧಿಯ ಕಚೇರಿಯ ಹುಡುಗಿ ಒಮ್ಮೆ ಫೋನು ಮಾಡಿ, ವಿಷಯ ನ್ಯಾಯಾಲಯದಲ್ಲಿರುವುದರಿಂದ ತಾವು ಏನೂ ಹೇಳುವಂತಿಲ್ಲ ಎಂದಳಂತೆ. ಸರಕಾರ ಮೇಲಿನ ಕೋರ್ಟಿಗೆ ಹೋಯಿತು. ಇನ್ನೊಂದು ಆದೇಶ ಯಾವತ್ತು ಬರುತ್ತದೋ ಯಾರಿಗೂ ತಿಳಿಯದು. ವಕೀಲೆ ಈಗ ಈ ದೇಶದಲ್ಲೇ ಉಳಿಯಲು ಆಶ್ರಯ ಕೇಳುವ ಅರ್ಜಿಯನ್ನೂ ಸಿದ್ಧ ಮಾಡುತ್ತಿದ್ದಾಳೆ. ಅದರ ಸಾಲೂ ಉದ್ದವಿದೆ.

ಹೋದ ತಿಂಗಳು ಅವಳೂ ಗಂಡನೂ ನನ್ನನ್ನು ತಮ್ಮ ಅಪಾರ್ಟ್‌ಮೆಂಟಿಗೆ ಕರೆದರು. ಬಾಡಿಗೆಯ ಕರಾರು ಮುಗಿದಿತ್ತು. ಒಂದು ವರ್ಷಕ್ಕೆ ಸಹಿ ಮಾಡಿದರೆ ಬಾಡಿಗೆ ಕಡಿಮೆ, ಆದರೆ ನಡುವೆ ಬಿಟ್ಟರೆ ದಂಡ. ತಿಂಗಳು ತಿಂಗಳಾದರೆ ಬಾಡಿಗೆ ಜಾಸ್ತಿ, ಯಾವಾಗ ಬೇಕಾದರೂ ಬಿಡಬಹುದು. ಕೆಳಗಿನ ಆಫೀಸಿನಲ್ಲಿ ಮ್ಯಾನೇಜರು ನಮ್ಮೆದುರಿಗೆ ಎರಡೂ ಕರಾರುಗಳನ್ನು ಇಟ್ಟಿದ್ದ. ಗಂಡ ಹೆಂಡತಿ ಅರಬ್ಬಿಯಲ್ಲಿ ವಾದ ಮಾಡುತ್ತಿದ್ದರು. ಅವಳು ವರ್ಷದ್ದರ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು. ಅವನು ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದ. ಬೇಕರಿಯಿಂದ ನೇರವಾಗಿ ಬಂದಿದ್ದ, ತೋಳಿನ ಮೇಲೆ ಹಿಟ್ಟು ಇನ್ನೂ ಇತ್ತು.

"ನೀವು ಹೇಳಿ ಸಿಸ್ಟರ್" ಎಂದು ಅವಳು ನನ್ನ ಕಡೆ ತಿರುಗಿದಳು.

ಇಷ್ಟು ದಿನ ಎಲ್ಲದಕ್ಕೂ ಮುಂದೆ ಬಿದ್ದು ಹೇಳುತ್ತಿದ್ದವಳು ನಾನು. ವರ್ಷದ್ದಕ್ಕೆ ಮಾಡು ಎಂದರೆ ನಾಳೆ ಆದೇಶ ಬಂದಾಗ ದಂಡ ಕಟ್ಟುವವರು ಅವರು. ಬೇಡವೆಂದರೆ ಅವರು ಹೋಗುತ್ತಾರೆಂದು ನಾನೇ ಒಪ್ಪಿದ ಹಾಗೆ. "ನನಗೆ ಗೊತ್ತಾಗ್ತಾ ಇಲ್ಲ" ಎಂದೆ.

ಅವಳು ಪೆನ್ನು ತೆಗೆದುಕೊಂಡು ತಿಂಗಳಿನದಕ್ಕೆ ಸಹಿ ಮಾಡಿ ಗಂಡನ ಕಡೆ ತಳ್ಳಿದಳು. ಅವನು ಮಾಡಿದ. ಮ್ಯಾನೇಜರು ನಗುತ್ತ, ಗೋಡೆಗೆ ಹೊಸ ಬಣ್ಣ ಈ ಕರಾರಿನಲ್ಲಿ ಸಿಗುವುದಿಲ್ಲ, ಅದು ವರ್ಷದವರಿಗೆ ಮಾತ್ರ ಎಂದ. ಅವಳು ಸರಿ ಎಂದು ಎದ್ದು, ಊಟದ ಹೊತ್ತಾಯಿತು, ಅಜ್ಜಿಯರು ಕಾಯುತ್ತಿರುತ್ತಾರೆ ಎಂದು ತನ್ನ ಕಾರಿನ ಕಡೆ ನಡೆದಳು.